ಒಂದೇ ನಂಬರಿನ ಎರಡು ಡಿವಿಷನ್

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ 29ನೇ ಮೋಟಾರೈಸ್ಡ್ ಡಿವಿಷನ್ ಸ್ಟಾಲಿನ್‌ಗ್ರಾಡ್‌ನಲ್ಲೇ ಮುಗೀತು ಅಂತಾರೆ, ಮತ್ತೆ ಇಟಲೀಲಿ ಅದೇ ನಂಬರ್ ಹೇಗೆ ಬಂತು? ಅದು ಟ್ಯಾಂಕ್ ಡಿವಿಷನ್ನಾ?

ಉತ್ತರ: ಅಲ್ಲ, ಟ್ಯಾಂಕ್ ಡಿವಿಷನ್ ಅಲ್ಲ. ಮೋಟಾರೈಸ್ಡ್ ಅಂದ್ರೆ ಲಾರಿ, ಬೈಕ್‌ಗಳಲ್ಲಿ ಓಡಾಡೋ ಕಾಲಾಳು ಪಡೆ ಅಷ್ಟೇ. ನಾವು ಸಿನಿಮಾದಲ್ಲಿ ನೋಡೋ ಹಾಗೆ ಜರ್ಮನ್ ಸೈನ್ಯ ಪೂರ್ತಿ ಗಾಡಿ ಮೇಲಿರಲಿಲ್ಲ, ಹೆಚ್ಚಿನ ಡಿವಿಷನ್‌ಗಳು ನಡಕೊಂಡೇ ಹೋಗ್ತಿದ್ವು, ತೋಪು ಎಳೆಯೋಕೆ ಕುದುರೆ! ಅದಕ್ಕೇ ಈ ಥರದ್ದಕ್ಕೆ ಅಷ್ಟು ಬೆಲೆ, ಪ್ಯಾಂಜರ್‌ಗಳ (ಜರ್ಮನ್ ಟ್ಯಾಂಕ್‌ಗಳ) ಹಿಂದೇನೇ ಓಡಬಲ್ಲವು ಇವು ಮಾತ್ರ.

29ನೇದು 1936ರಲ್ಲಿ ಎರ್ಫರ್ಟ್‌ನಲ್ಲಿ ಶುರುವಾಯ್ತು, ಚಿಹ್ನೆ ಡೇಗೆ ಹಕ್ಕಿ. ಪೋಲೆಂಡ್, ಫ್ರಾನ್ಸ್, ಆಮೇಲೆ ರಷ್ಯಾ. ಶೌರ್ಯದ ಕಥೆ ಹೇಳೋರು ಒಂದು ವಿಷಯ ಬಿಟ್ಟುಬಿಡ್ತಾರೆ, 1939ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಚೆಪಿಯೆಲುಫ್ ಹತ್ರ ಪೋಲಿಷ್ ಯುದ್ಧಕೈದಿಗಳನ್ನ ಗುಂಡಿಟ್ಟು ಕೊಂದ ಆರೋಪ ಇದರ 15ನೇ ರೆಜಿಮೆಂಟ್ ಮೇಲೇ ಇದೆ.

1942ರ ನವೆಂಬರ್‌ನಲ್ಲಿ ಸೋವಿಯತ್ ಸೇನೆ ಸ್ಟಾಲಿನ್‌ಗ್ರಾಡ್‌ನ ದಕ್ಷಿಣದಿಂದ ನುಗ್ಗಿದಾಗ ಇದರ ಕಮಾಂಡರ್ ಜನರಲ್ ಲೈಸರ್ ಈ ಡಿವಿಷನ್ನನ್ನ, ಜೊತೆಗಿದ್ದ ಒಂದು ಟ್ಯಾಂಕ್ ಬೆಟಾಲಿಯನ್ ಸಮೇತ, 57ನೇ ಸೋವಿಯತ್ ಸೇನೆ ಮೇಲೆ ತಿರುಗಿಸಿದ್ರು, ಹೊಡೆತ ಚೆನ್ನಾಗೇ ಬಿತ್ತು, ಆದ್ರೆ ಅಷ್ಟರಲ್ಲಿ ವಾಪಸ್ ಬನ್ನಿ ಅಂತ ಆರ್ಡರ್. ಮುಂದುವರಿದಿದ್ರೂ ಸೋವಿಯತ್ ಸೇನೆ ಜರ್ಮನ್ನರನ್ನ ಸುತ್ತುವರಿಯೋದು ತಪ್ತಿರಲಿಲ್ಲ ಬಿಡಿ, ಉತ್ತರದ ಕಡೆ ಜರ್ಮನಿಯ ಮಿತ್ರ ರೊಮೇನಿಯನ್ನರ ಸಾಲು ಆಗ್ಲೇ ಒಡೆದಿತ್ತು. ಉಳಿದವರು 1943ರ ಶುರುವಿನಲ್ಲಿ ಸೆರೆಯಾದ್ರು.

ಇಟಲೀದು ಹೊಸದು. 1943ರ ವಸಂತದಲ್ಲಿ ಫ್ರಾನ್ಸ್‌ನಲ್ಲಿದ್ದ 345ನೇ ಡಿವಿಷನ್ನಿಗೇ ಹಳೇ ನಂಬರ್ ಕೊಟ್ಟು 29ನೇ ಪ್ಯಾಂಜರ್‌ಗ್ರೆನೇಡಿಯರ್ (ಮೋಟಾರೈಸ್ಡ್ ಕಾಲಾಳು ಪಡೆಯ ಹೊಸ ಹೆಸರು) ಅಂದ್ರು. ಸಿಸಿಲಿ, ಸಲೆರ್ನೊ, ಆಂಜಿಯೊದಲ್ಲಿ ಹೋರಾಡಿದ್ದು ಇದೇ.