ಅಮೆರಿಕದಲ್ಲಿ ಗುಲಾಮಗಿರಿಯ ಮೇಲಿನ ಅಂತರ್ಯುದ್ಧದಲ್ಲಿ (1861–65) ದಕ್ಷಿಣವನ್ನು ಸೋಲಿಸಿ ಕಪ್ಪು ಜನರಿಗೆ ಮತದ ಹಕ್ಕು ಕೊಟ್ಟ ಉತ್ತರದವರೇ ಹತ್ತು ವರ್ಷದಲ್ಲಿ ಅವರನ್ನು ಕೈಬಿಟ್ಟದ್ದೇಕೆ?

ಮನಸಾರೆ ಕೊಟ್ಟದ್ದೇ ಅಲ್ಲ. ಉತ್ತರದಲ್ಲೇ 1865ರಲ್ಲಿ ಕನೆಕ್ಟಿಕಟ್, 1867ರಲ್ಲಿ ಓಹಿಯೋ ಮತ್ತು ಕಾನ್ಸಾಸ್‌ನ ಬಿಳಿ ಮತದಾರರು ತಂತಮ್ಮ ರಾಜ್ಯದಲ್ಲೇ ಈ ಹಕ್ಕು ಬೇಡವೆಂದಿದ್ದರು.

ಗಾಳಿ ತಿರುಗಿಸಿದ್ದು ಬಿಡುಗಡೆಯಾದ ಕಪ್ಪು ಜನರನ್ನು ಕಟ್ಟಿಹಾಕಲು ದಕ್ಷಿಣದ ರಾಜ್ಯಗಳು ತಂದ ಕರಾಳ ಕಾನೂನುಗಳು (ಬ್ಲ್ಯಾಕ್ ಕೋಡ್). ಮಿಸಿಸಿಪ್ಪಿಯ 1865ರ ಕಾಯಿದೆಯನ್ನೇ ನೋಡಿ: ಕೆಲಸ ಇದೆಯೆಂದು ಪ್ರತಿ ಜನವರಿಯಲ್ಲಿ ಕಪ್ಪು ಜನರ ಬಳಿ ಲಿಖಿತ ಪುರಾವೆ ಇರಬೇಕು. ಸಕಾರಣವಿಲ್ಲದೆ ಕರಾರಿನ ನಡುವೆ ಬಿಟ್ಟುಹೋದರೆ ಆ ವರ್ಷ ಅಲ್ಲಿಯವರೆಗೆ ದುಡಿದ ಕೂಲಿಯೂ ಖೋತಾ. ಅಲೆಮಾರಿ ಎಂದು ಬಿದ್ದ ದಂಡವನ್ನು 5 ದಿನದಲ್ಲಿ ಕಟ್ಟದಿದ್ದರೆ, ಅದನ್ನು ಕಟ್ಟಿದವನ ಹೊಲದಲ್ಲಿ ದುಡಿಮೆ. ಹೆಸರು ಬೇರೆ, ಜೀತ ಅದೇ. ಗೆದ್ದ ಯುದ್ಧ ವ್ಯರ್ಥವಾಗುತ್ತಿದೆ ಎಂದು ಉತ್ತರಕ್ಕೆ ಅನ್ನಿಸಿದ್ದು ಆಗ. 1867ರಲ್ಲಿ ಸಂಸತ್ತು ದಕ್ಷಿಣದ 10 ರಾಜ್ಯಗಳಲ್ಲಿ ಕಪ್ಪು ಗಂಡಸರಿಗೆ ಮತ ಕೊಡಿಸಿತು. (ಸಂಸತ್ತಿನಲ್ಲಿ ಬಹುಮತವಿದ್ದ ರಿಪಬ್ಲಿಕನ್ ಪಕ್ಷದ ಓಟಿನ ಲೆಕ್ಕವೂ ಇತ್ತು, ಬಿಡಿ.)

ಈ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದ 1870ರ 15ನೇ ತಿದ್ದುಪಡಿಯಲ್ಲೇ ಸಂದಿ ಉಳಿಯಿತು. ಅದು ತಡೆದದ್ದು ಜನಾಂಗ, ಬಣ್ಣ, ಹಿಂದಿನ ಗುಲಾಮತನದ ನೆಪವನ್ನು ಮಾತ್ರ. ತೆರಿಗೆ, ಓದುಬರಹದ ಷರತ್ತುಗಳನ್ನಲ್ಲ. 1890ರಲ್ಲಿ ಮಿಸಿಸಿಪ್ಪಿ ಇದರಲ್ಲೇ ನುಸುಳಿ 2 ಡಾಲರ್ ತಲೆಗಂದಾಯ ಹಾಕಿತು.

ಆದರೆ ನನ್ನ ಪ್ರಕಾರ ಕೈಬಿಟ್ಟದ್ದರ ಬೇರು ಕೂಲಿಯಲ್ಲಿದೆ. 1873ರ ಆರ್ಥಿಕ ಕುಸಿತದ ನಂತರ ಉತ್ತರದ ಮಾಲೀಕರಿಗೆ ತಮ್ಮ ಕಾರ್ಖಾನೆಗಳ ಮುಷ್ಕರವೇ ತಲೆನೋವಾಗಿ, ಕೂಲಿಗಳ ಮೇಲೆ ದಕ್ಷಿಣದ ಭೂಮಾಲೀಕರ ದೂರುಗಳು ಸರಿ ಎನಿಸತೊಡಗಿದವು. ಆ ಕೂಲಿಗಳ ಬೇಡಿಕೆಯಾದರೂ ಎಂಥದ್ದು? 1876ರಲ್ಲಿ ದಕ್ಷಿಣ ಕೆರೊಲಿನಾದ ಕೊಂಬಾಹೀ ನದಿಬಯಲಿನ ಭತ್ತದ ಗದ್ದೆಗಳ ಕಪ್ಪು ಕೂಲಿಗಳು ಮುಷ್ಕರ ಹೂಡಿ ಕೇಳಿದ್ದು, ಮಾಲೀಕನ ಅಂಗಡಿಯಲ್ಲಷ್ಟೇ ನಡೆಯುವ ಚೀಟಿಯ ಬದಲು ನಗದು ಕೂಲಿ.