ಆ ಹುಡುಗಿ ನಿಮಗೆಷ್ಟು ಗೊತ್ತು?

ಪ್ರಶ್ನೆ: ನನಗೆ 26 ವರ್ಷ. ಆಫೀಸಿನಲ್ಲಿ ಜೊತೆಗಿರುವ ಹುಡುಗಿಯನ್ನು ಒಂದು ವರ್ಷದಿಂದ ಇಷ್ಟಪಡುತ್ತಿದ್ದೇನೆ. ಅವರಂಥವರು ಬೇರೆ ಯಾರೂ ಇಲ್ಲ ಅನಿಸುತ್ತದೆ. ಎದುರಿಗೆ ಬಂದರೆ ಮಾತೇ ಹೊರಡುವುದಿಲ್ಲ. ದಿನವಿಡೀ ಅವರ ವಾಟ್ಸಾಪ್ ಸ್ಟೇಟಸ್ ನೋಡುತ್ತಿರುತ್ತೇನೆ. ಏನು ಮಾಡಲಿ?
– ಹೆಸರು ಬೇಡ, ವಿಜಯಪುರ

ಉತ್ತರ: ಅವರ ಬಗ್ಗೆ ಗೊತ್ತಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಯಾವುದು ಅವರೇ ಹೇಳಿದ್ದು, ಯಾವುದು ನೀವು ಕಂಡದ್ದು, ಯಾವುದು ನೀವೇ ಅಂದುಕೊಂಡದ್ದು ಎಂದು ಪ್ರತಿ ಸಾಲಿಗೂ ಗುರುತು ಹಾಕಿ. ಅವರಿಗೆ ಸಿಟ್ಟು ಯಾವುದಕ್ಕೆ ಬರುತ್ತದೆ, ದುಡ್ಡಿನ ವಿಷಯದಲ್ಲಿ ಹೇಗೆ, ಮುಂದೆ ಏನು ಮಾಡಬೇಕೆಂದಿದ್ದಾರೆ? ಇದೊಂದೂ ಗೊತ್ತಿಲ್ಲದಿದ್ದರೆ ನಿಮಗಿನ್ನೂ ಅವರ ಪರಿಚಯವೇ ಆಗಿಲ್ಲ.

ಅಮೆರಿಕದ ಮನಃಶಾಸ್ತ್ರಜ್ಞೆ ಡೊರೊಥಿ ಟೆನೊವ್ 1979ರಲ್ಲಿ, ಒಬ್ಬರನ್ನೇ ದಿನವಿಡೀ ನೆನೆಯುತ್ತಿರುವ ಈ ಸ್ಥಿತಿಯನ್ನು 'ಲಿಮರೆನ್ಸ್' ಎಂದು ವಿವರಿಸಿದರು. ಆಸೆ, ಅನುಮಾನ ಎರಡೂ ಕೂಡಿದಾಗ ಇದು ಬೆಳೆಯುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುವ ಒಂದು ನಗು, ಒಂದು ಸ್ಟೇಟಸ್ ಸಾಕು. ಆದ್ದರಿಂದ ಇವತ್ತೇ ಅವರ ಸ್ಟೇಟಸ್ ಮ್ಯೂಟ್ ಮಾಡಿ. ಮೊದಮೊದಲು ಕಳವಳ ಹೆಚ್ಚಾಗಬಹುದು. ತಡೆಯಲಾರದೆ ಮತ್ತೆ ಇಣುಕಿದರೆ ಚಟ ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನು ಮಾತು. ಚಹಾದ ಹೊತ್ತಿನಲ್ಲಿ ಹತ್ತು ನಿಮಿಷ ಸಾಕು. ಒಂದು ಪ್ರಶ್ನೆ ಕೇಳಿ, ಅವರ ಉತ್ತರ ಹಿಡಿದುಕೊಂಡೇ ಇನ್ನೊಂದು ಕೇಳಿ, ಆಮೇಲೆ ನಿಮ್ಮದೂ ಅಷ್ಟೇ ತೂಕದ ಒಂದು ವಿಷಯ ಹೇಳಿ. 1997ರಲ್ಲಿ ಮನಃಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು ಅಪರಿಚಿತರನ್ನು ಜೋಡಿಯಾಗಿ ಕೂರಿಸಿ 36 ಪ್ರಶ್ನೆ ಕೊಟ್ಟರು; ಸುಮಾರು 45 ನಿಮಿಷದಲ್ಲಿ ಅವರಲ್ಲಿ ಆಪ್ತತೆ ಬೆಳೆಯಿತು. ಅಲ್ಲಿ ಇಬ್ಬರೂ ಸರದಿಯಂತೆ ಉತ್ತರಿಸುತ್ತಿದ್ದರು, ಹಗುರ ಮಾತಿನಿಂದ ಆಳದ ಮಾತಿಗೆ ಹಂತಹಂತವಾಗಿ ಇಳಿಯುತ್ತಿದ್ದರು. ಬಹಳ ಜನ ಎಡವುವುದೇ ಇಲ್ಲಿ: ವರ್ಷದ ಭಾರವನ್ನೆಲ್ಲ ಮೊದಲ ದಿನವೇ ಇಳಿಸುತ್ತಾರೆ. ಇಲ್ಲವೇ ಎಲ್ಲದಕ್ಕೂ 'ನನಗೂ ಅದೇ ಇಷ್ಟ' ಅನ್ನುತ್ತಾರೆ. ಅವರಿಗೆ ಸೇರಿದ್ದು ನಿಮಗೆ ಸೇರದಿದ್ದರೆ ಹೇಳಿಬಿಡಿ. ಅವರೂ ನಿಮ್ಮನ್ನು ಅರಿಯಬೇಕಲ್ಲ.

ಒಂದು ತಿಂಗಳು ಗಮನಿಸಿ. ಅವರಾಗಿ ಮಾತು ತೆಗೆಯುತ್ತಾರೆಯೇ? ನಿಮ್ಮ ಬಗ್ಗೆ ಕೇಳುತ್ತಾರೆಯೇ? ಹೌದಾದರೆ ನೇರವಾಗಿ, "ಶನಿವಾರ ಅರ್ಧ ತಾಸು ಚಾ ಕುಡಿಯೋಣೇನ್ರಿ? ಬ್ಯಾಡ ಅನ್ಸಿದ್ರ ಬ್ಯಾಡ ಅನ್ರಿ" ಎಂದು ಕೇಳಿ. ಜಾಗ ಅವರೇ ಹೇಳಲಿ. ಗೋಳಗುಮ್ಮಟದ ತೋಟದಲ್ಲಿ ಪರಿಚಯದವರು ಕಂಡರೆ ಮನೆಯಲ್ಲಿ ಉತ್ತರ ಕೊಡಬೇಕಾದವರು ನಿಮಗಿಂತ ಹೆಚ್ಚಾಗಿ ಅವರು.

ಬೇಡ ಅಂದರೆ ಅಲ್ಲಿಗೆ ಬಿಡಿ. ಗೆಳತಿಯರ ಮೂಲಕ ಮತ್ತೆ ಕೇಳಿಸಬೇಡಿ. ಒಲ್ಲೆ ಎಂದವರ ಬೆನ್ನು ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ಆಮೇಲೂ ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.