ತೂಕ ಸರಿಯಿದೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಚಿಂತೆ ಮಾಡಬೇಕೇ?

ತೀರ್ಥಹಳ್ಳಿಯಿಂದ ನೀವು ಕೇಳಿರುವುದು ಇಷ್ಟು: ನಿಮ್ಮ ಎತ್ತರ 165 ಸೆಂ.ಮೀ., ತೂಕ 61 ಕೆ.ಜಿ., ಕೈಕಾಲು ಸಣ್ಣ, ಹೊಟ್ಟೆಯ ಸುತ್ತಳತೆ 94 ಸೆಂ.ಮೀ. ಹೆಂಡತಿ 155 ಸೆಂ.ಮೀ., 66 ಕೆ.ಜಿ., ದಪ್ಪವೆಲ್ಲ ತೊಡೆ, ಕುಂಡೆಯಲ್ಲಿ. ಹೊಟ್ಟೆಯ ಅಳತೆ 76. ಮನೆಗೆ ಬಂದವರೆಲ್ಲ "ಸ್ವಲ್ಪ ಇಳಿಸು" ಅನ್ನುವುದು ಅವರಿಗೇ. ಇಬ್ಬರಲ್ಲಿ ಅಪಾಯ ಯಾರಿಗೆ?

ನಿಮಗೆ. ಇದನ್ನು ಸುತ್ತಿಬಳಸಿ ಹೇಳಲು ನನಗೆ ಮನಸ್ಸಿಲ್ಲ.

ಚರ್ಮದಡಿಯ ಕೊಬ್ಬು ಬೆರಳಲ್ಲಿ ಹಿಡಿದರೆ ಸಿಗುತ್ತದೆ. ಕರುಳಿನ ಸುತ್ತ, ಲಿವರ್ ಒಳಗೆ ಕೂರುವುದು ಹಾಗೆ ಸಿಗುವುದಿಲ್ಲ. ಹೊಟ್ಟೆ ಮುಂದೆ ಬಂದು, ಮುಟ್ಟಿದರೆ ಬಿಗಿಯಾಗಿದ್ದರೆ ಒಳಗಿನ ಕೊಬ್ಬೇ ಹೆಚ್ಚಿರುವ ಸಾಧ್ಯತೆ. ಕರುಳಿನ ರಕ್ತ ಪೋರ್ಟಲ್ ರಕ್ತನಾಳದಿಂದ ನೇರ ಲಿವರಿಗೆ ಹೋಗುವುದರಿಂದ ಕರುಳಿನ ಸುತ್ತಲ ಕೊಬ್ಬು ಕರಗಿ ಬಿಡುವ ಕೊಬ್ಬಿನಾಮ್ಲವೂ ಮೊದಲು ಲಿವರಿಗೇ ಸೇರುತ್ತದೆ. ಲಿವರಿನಲ್ಲಿ ಕೊಬ್ಬು ತುಂಬಿದಂತೆ ಇನ್ಸುಲಿನ್ ಮಾತು ಅದು ಕೇಳುವುದಿಲ್ಲ. ರಕ್ತದಲ್ಲಿ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುತ್ತವೆ. ತೊಡೆಯ ಕೊಬ್ಬು ಒಳ್ಳೆಯ ಕಣಜವಿದ್ದಂತೆ, ಹಾಕಿದ್ದನ್ನು ಇಟ್ಟುಕೊಳ್ಳುತ್ತದೆ. ಕಣಜ ಸಣ್ಣದಾದರೆ ಮಿಕ್ಕ ಭತ್ತವನ್ನು ಅಡುಗೆಮನೆಯಲ್ಲೇ ಸುರಿಯಬೇಕಾಗುತ್ತದಲ್ಲ, ನಮ್ಮವರಲ್ಲಿ ಬಹಳ ಜನರ ಸ್ಥಿತಿ ಅದು.

ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಅಳತೆಗಳನ್ನು ಮುಂದಿಟ್ಟರು. ಇಬ್ಬರ ಬಿಎಂಐಯೂ (ಎತ್ತರಕ್ಕೆ ತೂಕ ಎಷ್ಟೆಂಬ ಲೆಕ್ಕ) 22.3. ದೇಹದಲ್ಲಿ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನಿಮ್ಮ ಬಿಎಂಐ 22.4. ತೂಕದ ಯಂತ್ರ ನಿಮಗೆ ಕೊಡುತ್ತಿರುವ ಧೈರ್ಯ ಎಷ್ಟರದ್ದು ನೋಡಿ.

ಟೇಪನ್ನು ಸರಿಯಾಗಿ ಹಿಡಿದು ಇನ್ನೊಮ್ಮೆ ಅಳೆಯಿರಿ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. ಹೊಟ್ಟೆ ಬಂದವರು ಪ್ಯಾಂಟು, ಪಂಚೆ ಎರಡನ್ನೂ ಹೊಟ್ಟೆಯ ಕೆಳಗೆ ಕಟ್ಟುವುದರಿಂದ 5-6 ಸೆಂ.ಮೀ. ಕಡಿಮೆ ಕಾಣುವುದುಂಟು. ಬೆಳಿಗ್ಗೆ ತಿಂಡಿಗೆ ಮೊದಲು, ಬರಿಮೈಗೆ, ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲಂಚು ಇವೆರಡರ ನಡುಮಧ್ಯೆ ಟೇಪು ಸುತ್ತಿ. ಬೆನ್ನ ಹಿಂದೆ ಜಾರಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಉಸಿರು ಸಹಜವಾಗಿ ಬಿಟ್ಟ ಕೊನೆಗೆ ಓದಿ, ಹೊಟ್ಟೆ ಒಳಗೆ ಎಳೆಯಬೇಡಿ. ಭಾರತೀಯರಿಗೆ ಗಡಿ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಎತ್ತರದ ಅರ್ಧಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಅರ್ಧ 82.5.

ಜೊತೆಗೆ ಬಿಪಿ, ಖಾಲಿಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿಪಿಡ್ (ರಕ್ತದ ಕೊಬ್ಬು) ಮತ್ತು ಲಿವರ್ ಪರೀಕ್ಷೆ ಮಾಡಿಸಿ. ಸಕ್ಕರೆ 100 ದಾಟಿದ್ದರೆ, ಎಚ್‌ಬಿಎ1ಸಿ 5.7 ಮುಟ್ಟಿದ್ದರೆ, ಟ್ರೈಗ್ಲಿಸರೈಡ್ 150 ಆಗಿದ್ದರೆ ವೈದ್ಯರನ್ನು ಕಾಣಿ. ಕತ್ತಿನ ಹಿಂದೆ ಮಖಮಲ್ಲಿನಂತೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಉಜ್ಜಿ ಪ್ರಯೋಜನವಿಲ್ಲ. ಇನ್ಸುಲಿನ್ ಹೆಚ್ಚಿರುವ ಗುರುತಾಗಿರಬಹುದು.

ಬೆವರಿಸುವ ಬೆಲ್ಟಿನಿಂದ ನೀರು ಹೋಗುತ್ತದೆ, ಅಷ್ಟೆ. ಹೊಟ್ಟೆ ಮಡಿಸುವ ವ್ಯಾಯಾಮದಿಂದ ಸ್ನಾಯು ಗಟ್ಟಿಯಾಗುತ್ತದೆ, ಅಲ್ಲಿನ ಕೊಬ್ಬೇ ಆರಿಸಿ ಕರಗುವುದಿಲ್ಲ. ಆಪರೇಷನ್ನಿನಲ್ಲಿ ಕೊಬ್ಬು ಹೀರಿ ತೆಗೆಸಿದರೂ ಹೋಗುವುದು ಚರ್ಮದಡಿಯದು. ಒಳಗಿನದು ಅಲ್ಲೇ ಇರುತ್ತದೆ. ಸಮಾಧಾನದ ಮಾತೆಂದರೆ, ಊಟ ತಗ್ಗಿಸಿ ನಡೆದರೆ ಒಳಗಿನ ಕೊಬ್ಬು ಬೇಗ ಜಗ್ಗುತ್ತದೆ. 3-4 ಕೆ.ಜಿ. ಇಳಿದರೂ ಲಿವರಿಗೆ ಗೊತ್ತಾಗುತ್ತದೆ.

ನಮ್ಮ ಕಡೆ ಬೆಳಿಗ್ಗೆ ಕಡುಬೋ ಅಕ್ಕಿರೊಟ್ಟಿಯೋ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಅಕ್ಕಿ ಬಿಡಬೇಕಿಲ್ಲ. ಮೂರು ರೊಟ್ಟಿಯ ಜಾಗದಲ್ಲಿ ಒಂದೂವರೆ, ಜೊತೆಗೆ ಒಂದು ಬಟ್ಟಲು ಹುರುಳಿ ಅಥವಾ ಹೆಸರುಕಾಳಿನ ಪಲ್ಯ. ರಾತ್ರಿ ಅನ್ನ ಅರ್ಧ. ಎರಡು ಚಮಚ ಸಕ್ಕರೆಯ ನಾಲ್ಕು ಲೋಟ ಟೀ ಎಂದರೆ ಸುಮಾರು 40 ಗ್ರಾಂ ಸಕ್ಕರೆ, ಮೊದಲು ಅದನ್ನು ಕಡಿಯಿರಿ. ಕುಡಿತವಿದ್ದರೆ ಅದನ್ನೂ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಬೇಕು. ಮಳೆಗಾಲದಲ್ಲಿ ಎಲ್ಲರದೂ ತಪ್ಪುವುದು ಇಲ್ಲೇ: ಜೂನಿನಲ್ಲಿ ನಿಂತದ್ದು ಅಡಿಕೆ ಕೊಯ್ಲಿನವರೆಗೂ ನಿಂತೇ ಇರುತ್ತದೆ. ಹೊರಗೆ ಹೋಗಲಾಗದಿದ್ದರೆ ಊಟವಾದ ಮೇಲೆ ಜಗುಲಿಯಲ್ಲೇ 10-15 ನಿಮಿಷ ಅಡ್ಡಾಡಿ, ವಾರಕ್ಕೆ ಎರಡು ದಿನ ಬಸ್ಕಿ ಹೊಡೆಯಿರಿ. ನಿಮ್ಮಂಥ ಸಣ್ಣ ಕಾಲಿನವರಿಗೆ ತೊಡೆಯ ಸ್ನಾಯು ಬೆಳೆದಷ್ಟೂ ಸಕ್ಕರೆಗೆ ಹೋಗಲು ಜಾಗ.

ನಿಮ್ಮ ಹೆಂಡತಿಯ ತೊಡೆಯ ದಪ್ಪವನ್ನು ಯಾರೂ ಆಡಿಕೊಳ್ಳುವುದು ಬೇಡ. ಬಿಎಂಐ 27ರ ಮೇಲಿದೆ, ಮಂಡಿಗೆ ಭಾರ, ಹಾಗಾಗಿ ಅವರೂ ಬಿಪಿ, ಸಕ್ಕರೆ ನೋಡಿಸಿಕೊಳ್ಳಲಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕೊಬ್ಬು ತೊಡೆ ಬಿಟ್ಟು ಹೊಟ್ಟೆಯ ಕಡೆ ಸೇರತೊಡಗುತ್ತದೆ. ಆಗ ಆರು ತಿಂಗಳಿಗೊಮ್ಮೆ ಅವರೂ ಟೇಪು ಹಿಡಿಯಬೇಕು.